ಬೆನ್ನು ಹೊರಗಿಟ್ಟ ಗೋಡೆ

ನಾನು ಟೈಲ್ಸಿನವನು. ನೀರುಮಟ್ಟ, ನೂಲು, ಕರಣೆ,
ಇಷ್ಟೇ ನನ್ನ ಶಾಸ್ತ್ರ. ಆಕಾಶದ ಗೊಡವೆ ಇರಲಿಲ್ಲ.
ಚಿಕ್ಕನಾಯಕನಹಳ್ಳಿಯಲ್ಲಿ ಯಾರ ಬಚ್ಚಲು ಮುಗಿದರೂ
ಮಾರನೇ ದಿನ ಬಂದು ನಿಲ್ಲುತ್ತಿದ್ದರು ಗವಿರಂಗಯ್ಯ:
"ಒಡೆದದ್ದಿದ್ದರೆ ಕೊಡಪ್ಪ. ಬೆನ್ನು ನೆಟ್ಟಗಿದ್ದರೆ ಸಾಕು."

ಗಣಿಯಲ್ಲಿ ಲಾರಿ ತೂಗಿದವರು, ಇಪ್ಪತ್ತೆರಡು ವರ್ಷ.
ಬರುವಾಗ ಖಾಲಿ, ಹೋಗುವಾಗ ಬೆಟ್ಟ,
ಕಳೆದು, ಚೀಟಿ ಹರಿದು ಕೊಟ್ಟವರು.
ಗಣಿ ನಿಂತಿತು. ತೂಕದ ಕಟ್ಟೆಯ ಮೇಲೆ ತಂಗಡಿ ಬೆಳೆಯಿತು.
"ಇಷ್ಟೊಂದು ಭೂಮಿ ತೂಗಿದೆ," ಅಂದರು ಒಮ್ಮೆ,
ಹಚ್ಚದ ಬೀಡಿಯನ್ನು ಬೆರಳಲ್ಲಿ ತಿರುವುತ್ತ,
"ಒಂದು ಹಿಡಿ ಮೇಲಿನದ್ದು ತೂಗದಿದ್ದರೆ
ಲೆಕ್ಕ ಮುಗಿಯೋದು ಹೇಗೆ?"

ಊರೇ ಅವರಿಗೆ ವೈರಿ.
ಬೇರೆ ಸೀಮೆಯಲ್ಲಿ ಅಯಸ್ಕಾಂತಕ್ಕೆ ಕಚ್ಚಿದ ಕಲ್ಲೆಂದರೆ ಎದೆ ಹಾರುತ್ತದಂತೆ;
ಇಲ್ಲಿ ದಾರಿಯ ಧೂಳೂ ಹಾರಿ ಬಂದು ಅಂಟುತ್ತದೆ.
ಹಳೇ ಸ್ಪೀಕರಿನ ಅಯಸ್ಕಾಂತಕ್ಕೆ ಕೋಲು ಕಟ್ಟಿ ನಡೆದರೆ
ಸಂಜೆಗೆ ಅದಕ್ಕೆ ಮೀಸೆ ಬಂದಿರುತ್ತಿತ್ತು.
ಅದಕ್ಕೇ ನನ್ನ ಟೈಲ್ಸು. ಹೊಳಪಿಲ್ಲದ ಬೆನ್ನಿಗೆ ಕಲ್ಲುಜ್ಜಿ ನೋಡುವುದು.
ನೆಲದ ಅದಿರು ಗೆರೆ ಬಿಡುತ್ತದೆ, ಕೆಂಪು, ಇಲ್ಲಾ ಕಪ್ಪು.
ಮೇಲಿಂದ ಬಿದ್ದದ್ದು ಸಾಮಾನ್ಯವಾಗಿ ಏನೂ ಬರೆಯುವುದಿಲ್ಲ.
ಅಕ್ಕಸಾಲಿಯ ಒರೆಗೆ ಇದು ತಲೆಕೆಳಗು:
ಅಲ್ಲಿ ಗೆರೆ ಸಾಕ್ಷಿ. ಇಲ್ಲಿ ಬರಿದು.

ಕಂದಿಕೆರೆಯದು, ಮತಿಘಟ್ಟದ್ದು,
ಪಂಕ್ಚರ್ ಅಂಗಡಿ ಫಯಾಜ್ ತಂದ ಕಬ್ಬಿಣದ ಕಿಟ್ಟ,
ಯಾರದೋ ತೋಟದ ಬೋರ್‌ವೆಲ್ಲು ಉಗುಳಿದ್ದು.
ಪ್ರತಿ ಬಿಲ್ಲೆಯ ಮೂಲೆಗೆ ಪೆನ್ಸಿಲಿನಲ್ಲಿ
ತಾರೀಕು, ಊರು, ತಂದವರ ಹೆಸರು, ತೂಕ.
ಮುನ್ನೂರ ಹನ್ನೊಂದು ಗೆರೆ.
"ಇಷ್ಟು ಕುಂಕುಮ ಇಟ್ಟಿದ್ದರೆ
ಎಂಥ ದೇವರೂ ಎದ್ದು ಬರುತ್ತಿದ್ದ," ಅನ್ನೋರು ಗಂಗಹನುಮಕ್ಕ.

ಹಟ್ಟಿಯ ಚಿತ್ತಜ್ಜಿ ಬಂದದ್ದು ಕಲ್ಲು ತೋರಿಸಲಿಕ್ಕಲ್ಲ,
ಪಿಂಚಣಿ ಅರ್ಜಿ ಬರೆಸಲಿಕ್ಕೆ.
ಸೆರಗಿನ ಗಂಟಲ್ಲಿ ಅಡಿಕೆ, ಚೀಲದಲ್ಲಿ ಅದನ್ನು ಕುಟ್ಟುವ ಗುಂಡು.
ಹಂಚಿನ ತಳದಂಥ ಕಪ್ಪು,
ಮೈತುಂಬ, ಮುದ್ದೆಗೆ ಹೆಬ್ಬೆರಳೊತ್ತಿದಂಥ ಕುಳಿ,
ಅಂಚು ಮುರಿದಲ್ಲಿ ಬೂದಿಬಣ್ಣ, ಅದರೊಳಗೆ ರಾಗಿಯಷ್ಟು ದುಂಡನೆ ಕಾಳು.
ಗವಿರಂಗಯ್ಯ ಉಜ್ಜಿದರು. ತಿರುಗಿಸಿ ಉಜ್ಜಿದರು.
ಬಿಲ್ಲೆ ಹೇಗಿತ್ತೋ ಹಾಗೇ ಇತ್ತು.
ನಾನು ಅಲ್ಲೇ ಇದ್ದೆ, ಸಂಪಿನ ಅಳತೆಗೆ ಹೋದವನು. ಅಳೆಯಲಿಲ್ಲ.

"ನಾನೂರೈವತ್ತು ಕೋಟಿ ವರ್ಷ ಅಜ್ಜಿ, ಇದಕ್ಕೆ."
"ಇರಬೋದು. ನಮ್ಮತ್ತೆ ಕಾಲದ್ದು."

ತುಮಕೂರಿನಿಂದ ಹಲ್ಲಿನ ಡಾಕ್ಟರು ವಸುಮತಿ ಓಡಿ ಬಂದರು,
ಗಾಜಿನ ಬೀರುವಿನಲ್ಲಿ ಇಂಥವೇ ಏಳು ಚೂರು ಇಟ್ಟುಕೊಂಡವರು.
ಮಸೂರ ಹಿಡಿದು ಉಸಿರು ಬಿಡುವುದನ್ನೇ ಮರೆತು
ಗ್ರಾಮಿಗೆ ತೊಂಬತ್ತು ಅಂದರು, ನೂರಿಪ್ಪತ್ತು ಅಂದರು.
"ತೂಕಕ್ಕೆ ಹಾಕೋಕೆ ಇದೇನು ಕುರಿ ಮಾಂಸವಾ?"
ಅಂತು ಅಜ್ಜಿ. ಆದರೂ ಗವಿರಂಗಯ್ಯನ ಮುಖ ನೋಡಿ
ಒಂದು ಸಲ ತಕ್ಕಡಿಗಿಡಲು ಬಿಟ್ಟಿತು.
ಆರುನೂರ ನಲವತ್ತು. ಅಭ್ಯಾಸಬಲ, ಚೀಟಿ ಬರೆದು
ಹರಿದು ಅಜ್ಜಿಗೇ ಕೊಟ್ಟರು.
ಅಜ್ಜಿ ಎರಡು ಅಡಿಕೆ ಕುಟ್ಟಿ ಬಾಯಿಗೆ ಹಾಕಿಕೊಂಡು
ಗುಂಡನ್ನು ಚೀಲಕ್ಕೆ ಸೇರಿಸಿ
ಐದೂವರೆ ಬಸ್ಸಿಗೆ ಹೊರಟಿತು.

ವಾರ ಬಿಟ್ಟು ನನ್ನನ್ನು ಕರೆಸಿದರು:
ಹಿತ್ತಿಲ ಕೋಣೆಗೆ ಮುನ್ನೂರ ಹನ್ನೆರಡೂ ಕೂರಿಸು, ಬೆನ್ನು ಹೊರಗೆ.
ಹೊಳಪಿನ ಕಡೆ ಸಿಮೆಂಟು ಹಿಡಿಯಲ್ಲ ಸ್ವಾಮಿ, ಅಂದೆ.
ಹಿಡಿದಷ್ಟು ಹಿಡೀಲಿ, ಅಂದರು.
ಚೆಂದದ ಮುಖ ಹೊರಗಿಡುವುದೇ ಕಸುಬಾದ ನಾನು
ಹೂಬಳ್ಳಿ, ಮೀನು, ಅಮೃತಶಿಲೆಯ ನಕಲು
ಎಲ್ಲವನ್ನೂ ಗಾರೆಯೊಳಗೆ ಮುಚ್ಚಿದೆ.
ಗೋಡೆ ತುಂಬ ಕೆಂಪು ಗೀಚು.
ಕಿಟಕಿಯ ಪಕ್ಕ ಒಂದು ಬೋಳು.

ಈಗ ಆಗಾಗ, ರಾತ್ರಿ, ಒಂದು ಬಿಲ್ಲೆ ಕಳಚಿ ಬೀಳುತ್ತದೆ.
ಗಂಗಹನುಮಕ್ಕ ಮಗ್ಗುಲು ಬದಲಿಸುತ್ತಾರೆ.
ಅವರು ಟಾರ್ಚು ಹಿಡಿದೆದ್ದು, ಚೂರಿನ ಬಳಿ ಕುಕ್ಕರಗಾಲಲ್ಲಿ ಕೂತು
ಬರೆದುಕೊಳ್ಳುತ್ತಾರಂತೆ:
ಎರಡು ಗಂಟೆ ಹತ್ತು ನಿಮಿಷ. ಪೂರ್ವದ ಗೋಡೆ. ಮೂರನೇ ಸಾಲು.
ಬೆಳಿಗ್ಗೆ ನನಗೆ ಫೋನು: "ಇನ್ನೊಂದು ಬಿತ್ತು ಕಣಪ್ಪ."
ದೂರು ಅಲ್ಲ ಅದು. ದನಿ ಕೇಳಿದರೆ ಗೊತ್ತಾಗುತ್ತದೆ.